ಹೊಸ ಎಸ್‌ಎಸ್‌ಡಿಗೆ ಹಳೇ ಲೈಸೆನ್ಸ್‌ಗಳನ್ನು ತಂದದ್ದು: ಒಂದು ಡೆಸ್ಕ್‌ಟಾಪ್ ಕೆಲಸದ ದಾಖಲೆ

ತಾಲ್ಲೂಕು ಕೇಂದ್ರದ ಒಂದು ಅಂಗಡಿ. ಮುಂದೆ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸ, ಹಿಂದೆ ಡಿಟಿಪಿ ಮತ್ತು ಸ್ಟಿಕ್ಕರ್ ಕಟ್ಟಿಂಗ್. ಎರಡಕ್ಕೂ ಒಂದೇ ಡೆಸ್ಕ್‌ಟಾಪ್. ಅದರ ಹಾರ್ಡ್ ಡಿಸ್ಕ್ ಸಾಯುವ ಹಂತಕ್ಕೆ ಬಂದಿತ್ತು. ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕ್) ಕೂರಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಿಗಾದರೂ ಆಗುತ್ತದೆ. ಅಂಗಡಿಯವರು ದುಡ್ಡು ಕೊಟ್ಟು ಕೊಂಡ ತಂತ್ರಾಂಶಗಳು ಹೊಸ ಡಿಸ್ಕಿನಲ್ಲಿ ‘ನೀವು ಯಾರು’ ಎಂದು ಕೇಳಲು ಶುರು ಮಾಡಿದಾಗ ನಿಜವಾದ ಕೆಲಸ ಎದುರಾಗುತ್ತದೆ. ಇಲ್ಲಿ ಕೈಬಿಟ್ಟು ಪೈರೇಟೆಡ್ ಪ್ರತಿ ಹಾಕಿಕೊಡುವ ರಿಪೇರಿಯವರು ಬಹಳ ಜನ. ಗಿರಾಕಿಯ ಬಳಿ ಅಸಲಿ ಲೈಸೆನ್ಸ್ ಇದ್ದೂ ಹಾಗೆ ಮಾಡುವುದು ಅವರ ದುಡ್ಡಿಗೆ ಮಾಡುವ ಮೋಸ. ಆದ್ದರಿಂದ ಹಂತಗಳನ್ನು ಪೂರ್ತಿ ಬರೆದಿಟ್ಟಿದೆ.

ಯಂತ್ರ ಮತ್ತು ಸಾಮಾನು

ಕಂಪನಿ ಡೆಸ್ಕ್‌ಟಾಪ್, ಇಂಟೆಲ್ ಐ3-8100, 8 ಜಿಬಿ ರ್‍ಯಾಮ್, 500 ಜಿಬಿಯ 3.5 ಇಂಚಿನ ಹಾರ್ಡ್ ಡಿಸ್ಕ್, ವಿಂಡೋಸ್ 10 ಪ್ರೊ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣದ ‘ಕಾಷನ್’. ರೀಅಲೊಕೇಟೆಡ್ ಸೆಕ್ಟರ್ (05) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ (ಸಿ5), ಎರಡರ ಎದುರೂ ಸೊನ್ನೆ ಅಲ್ಲದ ಸಂಖ್ಯೆ. ಸಿ5 ಎದುರು ಸಂಖ್ಯೆ ಬಂದರೆ ಡಿಸ್ಕ್ ಓದಲಾಗದ ಜಾಗ ಆಗಲೇ ಇದೆ ಎಂದು ತಿಳಿಯಬೇಕು. ‘ಇನ್ನೊಂದು ತಿಂಗಳು ಓಡಿಸೋಣ’ ಎನ್ನುವ ಡಿಸ್ಕ್ ಅದಲ್ಲ.

ಖರ್ಚು: 480 ಜಿಬಿ ಸಾಟಾ ಎಸ್‌ಎಸ್‌ಡಿ ₹3,150, ಯುಎಸ್‌ಬಿಯಿಂದ ಸಾಟಾ ಕೇಬಲ್ ₹450, 2.5 ಇಂಚಿನ ಡ್ರೈವನ್ನು 3.5 ಇಂಚಿನ ಜಾಗದಲ್ಲಿ ಕೂರಿಸುವ ತಗಡು ₹120, ಸಿಆರ್2032 ಬ್ಯಾಟರಿ ₹40, 16 ಜಿಬಿ ಪೆನ್‌ಡ್ರೈವ್ ₹350. ಒಟ್ಟು ₹4,110. ಕೂಲಿ ಬೇರೆ. ಬ್ಯಾಟರಿ ಯಾಕೆ ಎಂಬುದು ಹಂತ 4ರಲ್ಲಿ ಬರುತ್ತದೆ.

ಹಂತ 1: ಹಳೇ ಡಿಸ್ಕ್ ಇನ್ನೂ ಓಡುತ್ತಿರುವಾಗಲೇ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಇಲ್ಲೇ ಹೋಗಬೇಕು. ಪ್ರತಿ ತಂತ್ರಾಂಶವೂ ತನ್ನ ಲೈಸೆನ್ಸನ್ನು ಯಾವುದೋ ಒಂದಕ್ಕೆ ಕಟ್ಟಿಹಾಕಿರುತ್ತದೆ: ಮದರ್‌ಬೋರ್ಡ್, ಇಮೇಲ್ ಖಾತೆ, ಯುಎಸ್‌ಬಿ ಡಾಂಗಲ್ (ಬೀಗದ ಕೈಯಂತೆ ಸಿಕ್ಕಿಸುವ ಚಿಕ್ಕ ಸಾಧನ), ಅಥವಾ ಡಿಸ್ಕ್. ಯಾವುದಕ್ಕೆ ಕಟ್ಟಿದೆ ಎಂದು ಗೊತ್ತಾದರೆ ಡಿಸ್ಕ್ ಬದಲಿಸಿದಾಗ ಯಾವುದು ತಾನಾಗಿ ಬರುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂದು ಮೊದಲೇ ಹೇಳಬಹುದು. ಡಿಸ್ಕ್ ಸತ್ತ ಮೇಲೆ ಈ ವಿವರ ತೆಗೆಯಲು ಬಹಳ ಕಷ್ಟ.

ವಿಂಡೋಸ್. ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಆದೇಶವನ್ನು ಡಿಎಲ್‌ವಿ ಆಯ್ಕೆ ಕೊಟ್ಟು ಓಡಿಸಿದರೆ ಬರುವ ಕಿಟಕಿಯಲ್ಲಿ ‘ಚಾನೆಲ್’ ಎಂಬ ಮಾತಿರುವ ಸಾಲನ್ನು ನೋಡಬೇಕು. ‘ಒಇಎಂ ಡಿಎಂ’ ಎಂದಿದ್ದರೆ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇದೆ. ‘ರೀಟೇಲ್’ ಎಂದರೆ ಪ್ರತ್ಯೇಕವಾಗಿ ಕೊಂಡದ್ದು. ಅಂಗಡಿ ಯಂತ್ರದಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಕಂಡರೆ ಯಾರೋ ಹಿಂದೆ ಕಳ್ಳ ಆ್ಯಕ್ಟಿವೇಟರ್ ಓಡಿಸಿದ್ದಾರೆ ಎಂದು ಬಹುತೇಕ ಖಚಿತ, ಏಕೆಂದರೆ ಕೆಎಂಎಸ್ ಇರುವುದು ದೊಡ್ಡ ಸಂಸ್ಥೆಗಳ ಜಾಲಕ್ಕೆ. ಅದು ಹೊಸ ಡಿಸ್ಕಿಗೆ ಬರುವುದಿಲ್ಲ, ತರಲೂ ಬಾರದು. ಈ ಯಂತ್ರದಲ್ಲಿ ‘ರೀಟೇಲ್’ ಎಂದಿತ್ತು. ಡಬ್ಬಿಯೊಂದಿಗೆ ಬಂದದ್ದು ಹೋಮ್ ಸಿಂಗಲ್ ಲ್ಯಾಂಗ್ವೇಜ್, ಆಮೇಲೆ ಮೈಕ್ರೋಸಾಫ್ಟ್ ಸ್ಟೋರಿನಿಂದ ಪ್ರೊಗೆ ಏರಿಸಿದ್ದರು. ಈ ಚಿಕ್ಕ ವಿವರ ಮುಂದೆ ಕಾಡಿತು.

ಆಫೀಸ್. ವರ್ಡ್ ತೆರೆದು ಫೈಲ್, ಅಕೌಂಟ್ ಒತ್ತಿದರೆ ‘ಬಿಲಾಂಗ್ಸ್ ಟು’ ಎಂದು ಒಂದು ಇಮೇಲ್ ಕಾಣುತ್ತದೆ. ಲೈಸೆನ್ಸ್ ಇರುವುದು ಆ ಖಾತೆಯಲ್ಲಿ. ಆಫೀಸ್ 2013ರಿಂದ ಈಚೆಗೆ ಪೂರ್ತಿ ಕೀ ಯಂತ್ರದಲ್ಲಿ ಉಳಿಯುವುದೇ ಇಲ್ಲ, ಕೊನೆಯ 5 ಅಕ್ಷರ ಮಾತ್ರ. ‘ಕೀ ಹುಡುಕುವ’ ತಂತ್ರಾಂಶಗಳನ್ನು ಇಳಿಸಿಕೊಂಡು ಓಡಿಸಿದರೆ ವೈರಸ್ ಸಿಕ್ಕೀತು, ಕೀ ಸಿಗದು.

ಟ್ಯಾಲಿಪ್ರೈಮ್ ಸಿಲ್ವರ್ (ಲೆಕ್ಕಪತ್ರದ ತಂತ್ರಾಂಶ). ಸೀರಿಯಲ್ ನಂಬರ್, ರಿಲೀಸ್ ಸಂಖ್ಯೆ, ಟಿಎಸ್‌ಎಸ್ (ಹೊಸ ರಿಲೀಸ್ ಪಡೆಯುವ ಚಂದಾ) ಮುಗಿಯುವ ದಿನ, ಲೈಸೆನ್ಸ್ ನೋಂದಾಯಿಸಿದ ಇಮೇಲ್, ಈ ನಾಲ್ಕನ್ನೂ ಬರೆದುಕೊಂಡದ್ದು. ಇಮೇಲ್ ನೋಡಿದಾಗ ಅದು ಕೆಲಸ ಬಿಟ್ಟುಹೋದ ಅಕೌಂಟೆಂಟರದ್ದು ಎಂದು ತಿಳಿಯಿತು. ಹೊಸ ಡಿಸ್ಕಿನಲ್ಲಿ ಲೈಸೆನ್ಸ್ ಎಬ್ಬಿಸುವಾಗ ಅನ್‌ಲಾಕ್ ಕೀ ಅದೇ ವಿಳಾಸಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಇಮೇಲನ್ನು ಅಂಗಡಿಯ ವಿಳಾಸಕ್ಕೆ ಬದಲಿಸಿ, ಆ ವಿಳಾಸದಿಂದ ಲಾಗಿನ್ ಆಗುತ್ತದೆ ಎಂದು ಖಾತ್ರಿ ಮಾಡಿಕೊಂಡು, ನಂತರವೇ ಮುಂದಿನ ಹೆಜ್ಜೆ. ಊರೂರಿನ ಅಂಗಡಿಗಳಲ್ಲಿ ಟ್ಯಾಲಿ ಮತ್ತೆ ಎದ್ದೇಳದೆ ಕೂರುವುದಕ್ಕೆ ಮಾಮೂಲಿ ಕಾರಣ ಇದೇ: ಖರೀದಿಸುವ ದಿನ ಕೈಗೆ ಸಿಕ್ಕವರ ಇಮೇಲ್ ಕೊಟ್ಟಿರುತ್ತಾರೆ. ಮಾಲೀಕರು ಇದೊಂದನ್ನು ಇವತ್ತೇ ನೋಡಿಕೊಳ್ಳಬೇಕು, ಡಿಸ್ಕ್ ಕೆಡುವವರೆಗೆ ಕಾಯಬಾರದು.

ನಂತರ ಎಫ್1, ಸೆಟ್ಟಿಂಗ್ಸ್, ಲೈಸೆನ್ಸ್ ಒಳಗೆ ಹೋಗಿ ಸರೆಂಡರ್, ಅಂದರೆ ಈ ಯಂತ್ರದಿಂದ ಲೈಸೆನ್ಸ್ ಬಿಟ್ಟುಕೊಡುವುದು. ಇಂಟರ್ನೆಟ್ ಇರಲೇಬೇಕು. ಸರೆಂಡರ್ ಆದ ಕೂಡಲೇ ಟ್ಯಾಲಿ ಎಜುಕೇಷನಲ್ ಮೋಡಿಗೆ ಇಳಿಯುತ್ತದೆ, ಅಂದರೆ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ. ಹಾಗಾಗಿ ಅಂಗಡಿಯ ಆ ದಿನದ ಎಂಟ್ರಿ ಎಲ್ಲ ಮುಗಿಸಿ, ಬ್ಯಾಕಪ್ ತೆಗೆದು, ಆಮೇಲೆ ಸರೆಂಡರ್ ಮಾಡಬೇಕು. ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ತುಂಬುವ 20ನೇ ತಾರೀಕಿನ ಸುತ್ತಮುತ್ತ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಸ್ಟಿಕ್ಕರ್ ಕಟ್ಟಿಂಗ್ ತಂತ್ರಾಂಶ. ಇದರದ್ದು ಸೆಂಟಿನಲ್ ಎಂಬ ಲೈಸೆನ್ಸ್ ವ್ಯವಸ್ಥೆಯ ಸಾಫ್ಟ್ ಲಾಕ್. ಡಾಂಗಲ್ ಇಲ್ಲ, ಬೀಗ ಯಂತ್ರದೊಳಗೇ ಇದೆ, ಮತ್ತು ಬೀಗ ನೋಡಿಕೊಳ್ಳುವ ಗುರುತುಗಳಲ್ಲಿ ಡಿಸ್ಕಿನ ಸೀರಿಯಲ್ ಕೂಡ ಸೇರಿರುತ್ತದೆ. ಡಿಸ್ಕ್ ಕ್ಲೋನ್ ಮಾಡಿದರೆ (ಯಥಾವತ್ ನಕಲಿಸಿದರೆ) ‘ಕ್ಲೋನ್ಡ್’ ಎಂದು ಹೇಳಿ ನಿಂತುಬಿಡುವ ಜಾತಿ ಇದು. ತಯಾರಕರು ವರ್ಗಾವಣೆಗೆ ಅನುಮತಿ ಕೊಟ್ಟಿದ್ದರೆ ಆರ್‌ಯುಎಸ್ ಎಂಬ ಚಿಕ್ಕ ಉಪಕರಣದಲ್ಲಿ ‘ಟ್ರಾನ್ಸ್‌ಫರ್ ಲೈಸೆನ್ಸ್’ ಟ್ಯಾಬ್ ಇರುತ್ತದೆ. ಅದರಲ್ಲಿ ಒಂದು ತೊಡಕು: ಲೈಸೆನ್ಸ್ ಪಡೆಯುವ ಯಂತ್ರದಿಂದ ಮೊದಲು ಗುರುತಿನ ಫೈಲ್ ತರಬೇಕು, ಅದನ್ನು ಕೊಡುವ ಯಂತ್ರದಲ್ಲಿ ತೆರೆಯಬೇಕು. ಇಲ್ಲಿ ಕೊಡುವುದೂ ಪಡೆಯುವುದೂ ಒಂದೇ ಡಬ್ಬಿ, ಎರಡೂ ಒಟ್ಟಿಗೆ ಓಡುವುದಿಲ್ಲ. ದಾರಿ ಏನೆಂದರೆ ಮಾಲೀಕರ ಲ್ಯಾಪ್‌ಟಾಪಿಗೆ ಲೈಸೆನ್ಸನ್ನು ತಾತ್ಕಾಲಿಕವಾಗಿ ಕಳಿಸಿ ಅಲ್ಲಿ ನಿಲ್ಲಿಸುವುದು, ಎಸ್‌ಎಸ್‌ಡಿ ಸಿದ್ಧವಾದ ಮೇಲೆ ವಾಪಸ್ ತರುವುದು. ಲ್ಯಾಪ್‌ಟಾಪಿನಲ್ಲಿ ಅದೇ ಆವೃತ್ತಿಯ ತಂತ್ರಾಂಶ ಮತ್ತು ಸೆಂಟಿನಲ್ ರನ್‌ಟೈಮ್ (ಬೀಗ ನೋಡಿಕೊಳ್ಳುವ ಜೊತೆ ತಂತ್ರಾಂಶ) ಹಾಕಿ ಹಾಗೇ ಮಾಡಿದ್ದು.

ಕನ್ನಡ ಡಿಟಿಪಿ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ ಇದೆ. ಡಾಂಗಲ್ ಕೈಯಲ್ಲಿದ್ದರೆ ಲೈಸೆನ್ಸ್ ಕೈಯಲ್ಲಿದ್ದಂತೆ. ಡ್ರೈವರ್ ಆವೃತ್ತಿ ಬರೆದುಕೊಂಡರೆ ಸಾಕು.

ಕೊನೆಯದು, ಸುಮಾರು 2012ರ ಒಂದು ಹಳೇ ಬಿಲ್ಲಿಂಗ್ ತಂತ್ರಾಂಶ. ಈಗ ಬಿಲ್ ಮಾಡಲು ಬಳಸುವುದಿಲ್ಲ, ಹಳೆಯ ಗಿರಾಕಿಗಳ ಲೆಕ್ಕ ನೋಡಲು ಬೇಕು. ತಯಾರಿಸಿದವರು ಅಂಗಡಿ ಮುಚ್ಚಿದ್ದಾರೆ. ಅದರ ‘ಅಬೌಟ್’ ಕಿಟಕಿಯಲ್ಲಿ ‘ಸಿಸ್ಟಮ್ ಐಡಿ’ ಎಂದು 8 ಅಂಕಿ-ಅಕ್ಷರದ ಗುರುತಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ‘ವಾಲ್ ಸಿ:’ ಓಡಿಸಿದಾಗ ಬಂದ ವಾಲ್ಯೂಮ್ ಸೀರಿಯಲ್ ನಂಬರ್ ಅದೇ. ಅಂದರೆ ಲೈಸೆನ್ಸ್ ಸಿ ಡ್ರೈವಿನ ವಾಲ್ಯೂಮ್ ಸಂಖ್ಯೆಗೆ ಕಟ್ಟಿದ್ದು. ಈ ಸಂಖ್ಯೆ ಡಿಸ್ಕ್ ಕಾರ್ಖಾನೆಯಿಂದ ಬರುವುದಲ್ಲ, ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಬರೆಯುವುದು. ಫಾರ್ಮ್ಯಾಟ್ ಹೊಡೆದರೆ ಬದಲಾಗುತ್ತದೆ, ಸೆಕ್ಟರ್ ಮಟ್ಟದಲ್ಲಿ ಕ್ಲೋನ್ ಮಾಡಿದರೆ ಹಾಗೇ ಬರುತ್ತದೆ. ಎಂಜಿನಿಯರಿಂಗ್ ಕಾಲೇಜಿನವರಿಗೆ ಇದು ಗೊತ್ತಿರುತ್ತದೆ: ವಿಂಡೋಸಿನಲ್ಲಿ ಮ್ಯಾಟ್‌ಲ್ಯಾಬಿನ ಒಂಟಿ ಬಳಕೆದಾರರ ಲೈಸೆನ್ಸ್ ಕೇಳುವ ಹೋಸ್ಟ್ ಐಡಿಯೂ ಸಿ ಡ್ರೈವಿನ ಇದೇ ಸಂಖ್ಯೆ.

ಹಂತ 2: ನಕಲು ತೆಗೆದದ್ದು

ಟ್ಯಾಲಿ ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಫೋಲ್ಡರಿನಲ್ಲಿ ಇರುತ್ತದೆ. ಒಳಗೆ ಪ್ರತಿ ಕಂಪನಿಗೆ ಅಂಕಿಯ ಹೆಸರಿನ ಒಂದೊಂದು ಫೋಲ್ಡರ್. ಟ್ಯಾಲಿಯ ಒಳಗಿನಿಂದ ಬ್ಯಾಕಪ್ ತೆಗೆದದ್ದಲ್ಲದೆ ಟ್ಯಾಲಿ ಮುಚ್ಚಿ ಈ ಫೋಲ್ಡರನ್ನೂ ಇಡಿಯಾಗಿ ನಕಲಿಸಿದ್ದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಔಟ್‌ಲುಕ್‌ನ ಪಿಎಸ್‌ಟಿ ಫೈಲುಗಳು ಎಲ್ಲರೂ ತೆಗೆದುಕೊಳ್ಳುವಂಥವು.

ಎಲ್ಲರೂ ಮರೆಯುವುದು ಫಾಂಟುಗಳನ್ನು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಫಾಂಟ್ ಫೈಲಿನ ಮೇಲೆ ಸುಮ್ಮನೆ ಇನ್‌ಸ್ಟಾಲ್ ಒತ್ತಿದರೆ ಅದು ವಿಂಡೋಸಿನ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ. ಬಳಕೆದಾರರ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಅಡಗಿದ ಜಾಗಕ್ಕೆ ಹೋಗುತ್ತದೆ. ಹಳೇ ನುಡಿ ಫಾಂಟಿನಲ್ಲಿ ಜೋಡಿಸಿದ ಮದುವೆ ಪತ್ರಿಕೆಗಳ ಫೈಲ್ ಇದ್ದು ಫಾಂಟ್ ಇಲ್ಲದಿದ್ದರೆ ತೆರೆದಾಗ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎರಡೂ ಫೋಲ್ಡರಿನಿಂದ ಫಾಂಟ್ ತೆಗೆದಿಟ್ಟದ್ದು.

ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ಎಂದೂ ನೋಡಬೇಕು. ಮ್ಯಾನೇಜ್-ಬಿಡಿಇ ಆದೇಶಕ್ಕೆ ಸ್ಟೇಟಸ್ ಆಯ್ಕೆ ಕೊಟ್ಟರೆ ತಿಳಿಯುತ್ತದೆ. ಇದರಲ್ಲಿ ಇರಲಿಲ್ಲ. ಇದ್ದಿದ್ದರೆ 48 ಅಂಕಿಯ ರಿಕವರಿ ಕೀ ಬರೆದುಕೊಳ್ಳದೆ ಡಿಸ್ಕ್ ಮುಟ್ಟುವಂತಿರಲಿಲ್ಲ.

ಹಂತ 3: ಕ್ಲೋನ್ ಮಾಡಲು ಹೋದದ್ದು, ಕೈಬಿಟ್ಟದ್ದು

ಮೊದಲ ಯೋಜನೆ ಇಡೀ ಡಿಸ್ಕನ್ನು ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶದಿಂದ ಎಸ್‌ಎಸ್‌ಡಿಗೆ ಎತ್ತುವುದು. ಕ್ಲೋನಿನಲ್ಲಿ ವಾಲ್ಯೂಮ್ ಸಂಖ್ಯೆ, ಕಂಪ್ಯೂಟರ್ ಹೆಸರು, ರಿಜಿಸ್ಟ್ರಿ ಎಲ್ಲ ಹಾಗೇ ಬರುವುದರಿಂದ ಲೈಸೆನ್ಸ್ ದೃಷ್ಟಿಯಿಂದ ಅದೇ ಸುಲಭದ ದಾರಿ.

ಮೊದಲ ಬಾರಿ ಶುರುವಾಗುವ ಮೊದಲೇ ನಿಂತಿತು. 500 ಜಿಬಿ ಎಂದು ಬರೆದ ಡಿಸ್ಕಿನಲ್ಲಿ ಇರುವುದು 50,010 ಕೋಟಿ ಬೈಟ್ ಚಿಲ್ಲರೆ, 480 ಜಿಬಿ ಎಸ್‌ಎಸ್‌ಡಿಯಲ್ಲಿ 48,010 ಕೋಟಿ ಚಿಲ್ಲರೆ. ವಿಂಡೋಸ್ ತೋರಿಸುವ ಲೆಕ್ಕದಲ್ಲಿ 465 ಮತ್ತು 447. ಡಿಸ್ಕಿನಲ್ಲಿ ತುಂಬಿರುವುದು ಬರೀ 160 ಜಿಬಿ ಇದ್ದರೂ ಗುರಿ ಡಿಸ್ಕ್ ಮೂಲಕ್ಕಿಂತ ಚಿಕ್ಕದಾದರೆ ಕ್ಲೋನ್‌ಜಿಲ್ಲಾ ಒಪ್ಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕೊನೆಯ ಡಿ ಪಾರ್ಟಿಷನ್ನನ್ನು 40 ಜಿಬಿ ಕುಗ್ಗಿಸಿ, ಎಕ್ಸ್‌ಪರ್ಟ್ ಮೋಡಿನಲ್ಲಿ ಡಿಸ್ಕಿನ ಗಾತ್ರ ಪರೀಕ್ಷಿಸಬೇಡ ಎಂಬ ಆಯ್ಕೆ ಹಾಕಿದ ಮೇಲೆ ಮುಂದೆ ಹೋಯಿತು. 480ರ ಬದಲಿಗೆ 512 ಜಿಬಿ ಎಸ್‌ಎಸ್‌ಡಿ ಕೊಂಡಿದ್ದರೆ ಈ ತಾಪತ್ರಯವೇ ಇರಲಿಲ್ಲ. ಸಾಧ್ಯವಿದ್ದವರು ಅದನ್ನೇ ಕೊಳ್ಳಲಿ.

ಎರಡನೆಯ ಅಡ್ಡಿ ಓದಲಾಗದ ಸೆಕ್ಟರುಗಳು. ‘ರೆಸ್ಕ್ಯೂ’ ಆಯ್ಕೆ ಕೊಟ್ಟರೆ ಕೆಟ್ಟ ಜಾಗವನ್ನು ಖಾಲಿ ಬಿಟ್ಟು ಮುಂದುವರಿಯುತ್ತದೆ. ಹಾಗೆ ಕ್ಲೋನ್ ಮುಗಿಯಿತು, ಎಸ್‌ಎಸ್‌ಡಿ ಬೂಟ್ ಆಯಿತು, ವಿಂಡೋಸ್ ಆ್ಯಕ್ಟಿವ್, ಆಫೀಸ್ ಆ್ಯಕ್ಟಿವ್, ಬಿಲ್ಲಿಂಗ್ ತಂತ್ರಾಂಶವೂ ತೆರೆಯಿತು. ನೋಡಿದರೆ ಎಲ್ಲ ಸರಿ. ವಿಂಡೋಸಿನ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದಾಗ ಮಾತ್ರ ಸರಿಪಡಿಸಲಾಗದ ಸಿಸ್ಟಮ್ ಫೈಲುಗಳಿವೆ ಎಂದು ಬಂತು. ಕೆಟ್ಟ ಸೆಕ್ಟರುಗಳು ವಿಂಡೋಸಿನ ಫೈಲುಗಳ ಮೇಲೇ ಕೂತಿದ್ದವು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗಿರಾಕಿಗಳ ಜಿಎಸ್‌ಟಿ ಪಾಸ್‌ವರ್ಡ್ ಇಟ್ಟುಕೊಂಡಿರುವ ಯಂತ್ರವನ್ನು ತೂತು ಬಿದ್ದ ವಿಂಡೋಸಿನ ಮೇಲೆ ಬಿಡುವುದು ಸರಿಯಲ್ಲ. ಹೊಸದಾಗಿ ವಿಂಡೋಸ್ 11 ಹಾಕುವುದು ಎಂದು ತೀರ್ಮಾನ.

ಎಸ್‌ಎಸ್‌ಡಿ ಅಳಿಸುವ ಮೊದಲು ಈ ಕ್ಲೋನಿನ ಇಮೇಜ್ (ಇಡೀ ಡಿಸ್ಕಿನ ಪ್ರತಿ) ಒಂದನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟದ್ದು. ಬಿಲ್ಲಿಂಗ್ ತಂತ್ರಾಂಶ ತೆರೆಯುವ ಏಕೈಕ ಪ್ರತಿ ಅದು.

ಹಂತ 4: ಎಸ್‌ಎಸ್‌ಡಿ, ಬಯೋಸ್, ವಿಂಡೋಸ್

ಕರೆಂಟ್ ತೆಗೆದು, ಹಳೇ ಡಿಸ್ಕನ್ನು ಪೂರ್ತಿ ಹೊರಗಿಟ್ಟು, ತಗಡಿಗೆ ನಾಲ್ಕು ಎಂ3 ಸ್ಕ್ರೂ ಹಾಕಿ ಎಸ್‌ಎಸ್‌ಡಿ ಕೂರಿಸಿದ್ದು. ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕ್ ಜೋಡಿಸಿರಬಾರದು. ಜೋಡಿಸಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೇ ಬರೆದುಬಿಡಬಹುದು, ಆಮೇಲೆ ಹಳೆಯದನ್ನು ತೆಗೆದ ದಿನ ಯಂತ್ರ ಏಳುವುದಿಲ್ಲ.

ಮತ್ತೆ ಕರೆಂಟ್ ಕೊಟ್ಟಾಗ ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್ ಅಳಿಸಿಹೋಗಿ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿತ್ತು. ಬೋರ್ಡಿನ ಬ್ಯಾಟರಿ ಸತ್ತಿದೆ. ತಾರೀಕು ತಪ್ಪಿದ್ದರೆ ಆ್ಯಕ್ಟಿವೇಷನ್ ಸರ್ವರ್‌ನ ಸುರಕ್ಷಾ ಪ್ರಮಾಣಪತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದಾಗಿ ಯಾವ ಲೈಸೆನ್ಸೂ ಸಂಪರ್ಕ ಸಾಧಿಸುವುದಿಲ್ಲ. ತೆರೆಯ ಮೇಲೆ ಬರುವ ಸಂದೇಶ ‘ಇಂಟರ್ನೆಟ್ ನೋಡಿ’ ಎಂದಿರುತ್ತದೆ, ಜನ ರೂಟರ್ ಬದಲಿಸುತ್ತ ಕೂರುತ್ತಾರೆ. ಹೊಸ ಬ್ಯಾಟರಿ ಹಾಕಿ, ತಾರೀಕು ಸರಿಪಡಿಸಿ, ಸಾಟಾ ಮೋಡ್ ಎಎಚ್‌ಸಿಐ ಎಂದು ಖಚಿತಪಡಿಸಿ, ಇಂಟೆಲ್ ಪಿಟಿಟಿ ಮತ್ತು ಸೆಕ್ಯೂರ್ ಬೂಟ್ ಚಾಲೂ ಮಾಡಿದ್ದು. ಪಿಟಿಟಿ ಎಂಬುದೇ ಈ ಬೋರ್ಡಿನ ಟಿಪಿಎಂ 2.0, ಅಂದರೆ ಗುಪ್ತ ಕೀಗಳನ್ನು ಕಾಯುವ ಭದ್ರತಾ ಭಾಗ. ಅದಿಲ್ಲದೆ ವಿಂಡೋಸ್ 11 ಹತ್ತುವುದಿಲ್ಲ. 8ನೇ ಪೀಳಿಗೆಯ ಇಂಟೆಲ್ ಆದ್ದರಿಂದ ಪ್ರೊಸೆಸರಿನ ತಕರಾರಿಲ್ಲ.

ಪೆನ್‌ಡ್ರೈವಿನಿಂದ ಇನ್‌ಸ್ಟಾಲ್ ಶುರು ಮಾಡಿದಾಗ ಸೆಟಪ್ ಯಾವ ಆವೃತ್ತಿ ಬೇಕೆಂದು ಕೇಳಲೇ ಇಲ್ಲ. ಬೋರ್ಡಿನ ಚಿಪ್ಪಿನಲ್ಲಿದ್ದ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಕೀಯನ್ನು ತಾನೇ ಓದಿ ಅದನ್ನೇ ಹಾಕಿತು, ಆ್ಯಕ್ಟಿವೇಟ್ ಕೂಡ ಆಯಿತು. ಪ್ರೊಗೆ ಕೊಟ್ಟ ದುಡ್ಡು ಹೋಯಿತೆಂದು ಅನೇಕರು ಅಂದುಕೊಳ್ಳುವುದು ಇಲ್ಲಿ. ಹೋಗಿಲ್ಲ. ಡಿಜಿಟಲ್ ಲೈಸೆನ್ಸ್ ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ಈ ಮದರ್‌ಬೋರ್ಡಿನ ಹೆಸರಿಗೆ ಇದೆ, ಡಿಸ್ಕ್ ಬದಲಾದರೆ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಅದು ಪ್ರೊ ಆವೃತ್ತಿಗೆ ಮಾತ್ರ ಹೊಂದುತ್ತದೆ, ಯಂತ್ರದಲ್ಲಿ ಈಗ ಇರುವುದು ಹೋಮ್.

ಪರಿಹಾರ: ನೆಟ್ ಕೇಬಲ್ ಕಿತ್ತು, ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್ ಒಳಗೆ ‘ಚೇಂಜ್ ಪ್ರಾಡಕ್ಟ್ ಕೀ’ ಒತ್ತಿ, ಮೈಕ್ರೋಸಾಫ್ಟ್ ಸಾರ್ವಜನಿಕವಾಗಿ ಕೊಟ್ಟಿರುವ ಪ್ರೊ ಆವೃತ್ತಿಯ ಸಾಮಾನ್ಯ ಕೀ ಹಾಕುವುದು. ಆ ಕೀ ಆವೃತ್ತಿ ಬದಲಿಸಲು ಮಾತ್ರ, ಲೈಸೆನ್ಸ್ ಕೊಡುವುದಿಲ್ಲ. ಮರುಪ್ರಾರಂಭವಾದ ಮೇಲೆ ಕೇಬಲ್ ಸಿಕ್ಕಿಸಿ, ಸ್ಟೋರಿನಲ್ಲಿ ಪ್ರೊ ಕೊಂಡಿದ್ದ ಅದೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಆ್ಯಕ್ಟಿವ್ ಎಂದು ಬಂತು. ಮೊದಲೇ ಮುಂದಾಲೋಚಿಸುವವರು ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನಲ್ಲಿ ‘ಇಐ.ಸಿಎಫ್‌ಜಿ’ ಎಂಬ ಚಿಕ್ಕ ಪಠ್ಯ ಫೈಲ್ ಇಟ್ಟು ಆವೃತ್ತಿಯನ್ನು ಅದರಲ್ಲೇ ಹೇಳಬಹುದು.

ಕಂಪ್ಯೂಟರಿನ ಹೆಸರು ಮತ್ತು ಬಳಕೆದಾರರ ಹೆಸರು ಹಳೆಯದರಂತೆಯೇ ಇಟ್ಟದ್ದು. ಕೆಲವು ತಂತ್ರಾಂಶಗಳು ಹೆಸರನ್ನೂ ಗುರುತಿಗೆ ಸೇರಿಸಿಕೊಳ್ಳುತ್ತವೆ, ಮತ್ತು ಫೈಲುಗಳ ಹಳೇ ವಿಳಾಸಗಳು ಹಾಗೇ ಕೆಲಸ ಮಾಡುತ್ತವೆ.

ಹಂತ 5: ಆಫೀಸ್

ವಿಂಡೋಸಿನ ಜೊತೆ ಮೈಕ್ರೋಸಾಫ್ಟ್ 365ರ ಪ್ರಯೋಗ ಪ್ರತಿ ಬಂದಿದ್ದರೆ ಮೊದಲು ಅದನ್ನು ತೆಗೆದು ಯಂತ್ರ ಮರುಪ್ರಾರಂಭಿಸಬೇಕು. ಅದಿರುವಾಗಲೇ ಕೊಂಡ ಆಫೀಸ್ ಹಾಕಿದರೆ ವರ್ಡ್ ಪ್ರತಿ ಬಾರಿ ಚಂದಾ ಕೇಳುತ್ತದೆ. ನಂತರ ‘ಬಿಲಾಂಗ್ಸ್ ಟು’ ಖಾತೆಯಿಂದ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ, ಸರ್ವೀಸಸ್ ವಿಭಾಗದಲ್ಲಿ ಕೊಂಡ ಆವೃತ್ತಿಯ ಎದುರಿನ ಇನ್‌ಸ್ಟಾಲ್. ಹೊರಗೆಲ್ಲೋ ಸಿಕ್ಕ ಸೆಟಪ್ ಬೇಡ. ಹೋಮ್ ಆ್ಯಂಡ್ ಬಿಸಿನೆಸ್ ಲೈಸೆನ್ಸಿಗೆ ಪ್ರೊಫೆಷನಲ್ ಪ್ಲಸ್ ಸೆಟಪ್ ಹಾಕಿದರೆ ಎಂದಿಗೂ ಆ್ಯಕ್ಟಿವೇಟ್ ಆಗುವುದಿಲ್ಲ. ಇದರಲ್ಲಿ ಇದ್ದದ್ದು 2019. ಅದರ ಭದ್ರತಾ ಬೆಂಬಲವೂ ವಿಂಡೋಸ್ 10ರ ಜೊತೆಗೇ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ಓಡುವುದು ಓಡುತ್ತದೆ. ಹೊರಗಿನಿಂದ ಬಂದ ಎಕ್ಸೆಲ್ ಫೈಲುಗಳಲ್ಲಿ ಮ್ಯಾಕ್ರೋ ತೆರೆಯಬೇಡಿ ಎಂದು ಮಾಲೀಕರಿಗೆ ಬರೆದುಕೊಟ್ಟದ್ದು.

ಹಂತ 6: ಟ್ಯಾಲಿ

ಹೊಸ ರಿಲೀಸ್ ಇಳಿಸಿ ಹಾಕುವ ಆಸೆ ಬೇಡ. ಎರಡು ಕಾರಣ. ಟಿಎಸ್‌ಎಸ್ ಚಂದಾ ಮುಗಿದಿದ್ದರೆ, ಮುಗಿದ ನಂತರ ಬಂದ ರಿಲೀಸಿಗೆ ಲೈಸೆನ್ಸ್ ಒಪ್ಪುವುದಿಲ್ಲ. ಚಂದಾ ಇದ್ದರೂ ಮೇಲಿನ ರಿಲೀಸ್ ಹಳೇ ಡೇಟಾವನ್ನು ತನ್ನ ರೂಪಕ್ಕೆ ಪರಿವರ್ತಿಸಿದರೆ ಆ ಡೇಟಾ ಹಳೇ ರಿಲೀಸಿನಲ್ಲಿ ಮತ್ತೆ ತೆರೆಯುವುದಿಲ್ಲ. ಮೊದಲು ಅದೇ ರಿಲೀಸ್, ಡೇಟಾ ಸರಿಯಾಗಿ ತೆರೆದ ಮೇಲೆ ಬೇಕಾದರೆ ಏರಿಸುವುದು.

ರೀಆ್ಯಕ್ಟಿವೇಟ್ ಆಯ್ಕೆಯಲ್ಲಿ ಟ್ಯಾಲಿ ಡಾಟ್ ನೆಟ್ ಐಡಿ, ಪಾಸ್‌ವರ್ಡ್ ಕೊಟ್ಟು, ಇಮೇಲಿಗೆ ಬಂದ ಅನ್‌ಲಾಕ್ ಕೀ ಹಾಕಿದ ಕೂಡಲೇ ಸಿಲ್ವರ್ ಎಂದು ಬಂತು. ಸರೆಂಡರ್ ಮೊದಲೇ ಆಗಿದ್ದರಿಂದ ಇಷ್ಟು ಸಲೀಸು. ಡೇಟಾ ಫೋಲ್ಡರ್ ಅದೇ ಜಾಗಕ್ಕೆ ನಕಲಿಸಿ, ಪ್ರತಿ ಕಂಪನಿ ತೆರೆದು ಟ್ರಯಲ್ ಬ್ಯಾಲೆನ್ಸ್ ಅನ್ನು ಹಳೇ ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಿದ್ದು. ಕೆಟ್ಟ ಡಿಸ್ಕಿನಿಂದ ಬಂದ ಡೇಟಾ ತೆರೆಯಿತು ಎಂದ ಮಾತ್ರಕ್ಕೆ ಸರಿ ಇದೆ ಎಂದು ನಂಬಬಾರದು. ಒಂದು ಕಂಪನಿಯಲ್ಲಿ ವ್ಯತ್ಯಾಸ ಕಂಡಿತು, ಅದಕ್ಕೆ ಟ್ಯಾಲಿಯ ಒಳಗಿನಿಂದ ತೆಗೆದ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿದ ಮೇಲೆ ಲೆಕ್ಕ ಕೂಡಿತು. ಎರಡು ಬಗೆಯ ನಕಲು ತೆಗೆದಿಟ್ಟದ್ದರ ಉಪಯೋಗ ಇದು.

ಹಂತ 7: ಡಾಂಗಲ್ ಮತ್ತು ಸಾಫ್ಟ್ ಲಾಕ್

ಡಿಟಿಪಿ ತಂತ್ರಾಂಶದ ಸಿಡಿಯಲ್ಲಿದ್ದ ಹಾಸ್ಪ್ (ಸೆಂಟಿನಲ್‌ನ ಹಳೇ ಹೆಸರು) ಡ್ರೈವರ್ ಹಾಕಿದಾಗ ವಿಂಡೋಸ್ 11 ಅದನ್ನು ಲೋಡ್ ಮಾಡಲು ಬಿಡಲಿಲ್ಲ, ತಂತ್ರಾಂಶ ಎಚ್0033 ದೋಷ ತೋರಿಸಿತು. ಅಂದರೆ ರನ್‌ಟೈಮ್ ಓಡುತ್ತಿಲ್ಲ. ಇದೇ ಜಾಗದಲ್ಲಿ ಎಚ್0007 ಬಂದರೆ ರನ್‌ಟೈಮ್ ಸರಿ ಇದೆ, ಡಾಂಗಲ್ ಕಾಣುತ್ತಿಲ್ಲ ಎಂದರ್ಥ. ಎರಡನ್ನೂ ಒಂದೇ ಎಂದು ತಿಳಿದು ಡಾಂಗಲ್ ಕೆಟ್ಟಿದೆ ಎಂದು ಹೊಸದಕ್ಕೆ ದುಡ್ಡು ಕೇಳುವವರಿದ್ದಾರೆ.

ವಿಂಡೋಸಿನ ಭದ್ರತಾ ಸೌಲಭ್ಯವಾದ ಕೋರ್ ಐಸೊಲೇಷನ್ನಿನ ಮೆಮೊರಿ ಇಂಟೆಗ್ರಿಟಿ ಡಾಂಗಲಿನ ಹಳೇ ಹಾರ್ಡ್‌ಲಾಕ್ ಡ್ರೈವರನ್ನು ತಡೆಯುತ್ತದೆ. ಆ ಇಂಟೆಗ್ರಿಟಿಯನ್ನು ಬಂದ್ ಮಾಡಿ ಕೆಲಸ ಮುಗಿಸಿದರೆ ಭದ್ರತೆ ಹೋಯಿತು. ಸರಿಯಾದ ದಾರಿ: ಡಾಂಗಲ್ ಕಿತ್ತು, ಸಿಡಿಯ ಡ್ರೈವರನ್ನು ‘ಪರ್ಜ್’ ಆಯ್ಕೆಯಿಂದ ಪೂರ್ತಿ ತೆಗೆದು, ಯಂತ್ರ ಮರುಪ್ರಾರಂಭಿಸಿ, ಸೆಂಟಿನಲ್‌ನ ಹೊಸ ರನ್‌ಟೈಮ್ ಹಾಕಿ, ಆಮೇಲೆ ಡಾಂಗಲ್ ಸಿಕ್ಕಿಸುವುದು. ಕೆಂಪು ದೀಪ ಹತ್ತಿತು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 1947 ತೆರೆದರೆ ಯಾವ ಕೀಗಳು ಕಾಣುತ್ತಿವೆ ಎಂಬ ಪಟ್ಟಿ ಬರುತ್ತದೆ.

ಕಟ್ಟಿಂಗ್ ತಂತ್ರಾಂಶದ ಲೈಸೆನ್ಸನ್ನು ಲ್ಯಾಪ್‌ಟಾಪಿನಿಂದ ಅದೇ ಆರ್‌ಯುಎಸ್ ಮೂಲಕ ವಾಪಸ್ ತಂದದ್ದು. ವರ್ಗಾವಣೆ ಫೈಲನ್ನು ಅಳಿಸದೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಕೊಡುವ ಯಂತ್ರದಿಂದ ಲೈಸೆನ್ಸ್ ಹೊರಟ ಮೇಲೆ, ಪಡೆಯುವ ಯಂತ್ರ ಅದನ್ನು ತೆಗೆದುಕೊಳ್ಳುವವರೆಗೆ ಲೈಸೆನ್ಸ್ ಇರುವುದು ಆ ಫೈಲಿನಲ್ಲಿ ಮಾತ್ರ. ವರ್ಗಾವಣೆ ಸೌಲಭ್ಯ ಇಲ್ಲದ ತಂತ್ರಾಂಶವಾದರೆ ಹೊಸ ಡಿಸ್ಕಿನಿಂದ ಸಿ2ವಿ (ಯಂತ್ರದ ಗುರುತಿನ) ಫೈಲ್ ತೆಗೆದು ತಯಾರಕರಿಗೆ ಕಳಿಸಿ, ಅವರು ಕೊಡುವ ವಿ2ಸಿ (ಲೈಸೆನ್ಸಿನ) ಫೈಲ್ ಹಾಕಬೇಕು. ಖರೀದಿ ಬಿಲ್ಲಿನ ಪ್ರತಿ ಜೊತೆಗೇ ಕಳಿಸಿದರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ.

ಹಂತ 8: ಡಿಜಿಟಲ್ ಸಹಿ, ನುಡಿ

ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ, ಇರುವುದು ಯುಎಸ್‌ಬಿ ಟೋಕನ್ನಿನ ಒಳಗೆ, ಡಿಸ್ಕಿನಲ್ಲಿ ಏನೂ ಇರುವುದಿಲ್ಲ. ಟೋಕನ್ ಡ್ರೈವರ್, ಜಿಎಸ್‌ಟಿಗೆ ಎಂಸೈನರ್, ಆದಾಯ ತೆರಿಗೆ ಪೋರ್ಟಲಿಗೆ ಎಂಬ್ರಿಡ್ಜ್ ಎಂಬ ಸಹಿ ಉಪಕರಣ ಹಾಕಿದರೆ ಮುಗಿಯಿತು. ಪೋರ್ಟಲಿನಲ್ಲಿ ಮತ್ತೆ ನೋಂದಾಯಿಸುವ ಅಗತ್ಯವಿಲ್ಲ, ಪ್ರಮಾಣಪತ್ರ ಅದೇ. ಎಚ್ಚರಿಕೆ ಒಂದೇ: ಟೋಕನ್ ತಂತ್ರಾಂಶದ ‘ಇನಿಶಿಯಲೈಸ್’ ಗುಂಡಿ ಮುಟ್ಟಬಾರದು. ಪ್ರಮಾಣಪತ್ರ ಅಳಿಸಿಹೋಗುತ್ತದೆ, ಹೊಸದನ್ನೇ ಕೊಳ್ಳಬೇಕು. ಪಿನ್ ಮರೆತಿದ್ದರೆ ಊಹಿಸುತ್ತ ಒತ್ತಬಾರದು, ಟೋಕನ್ ಲಾಕ್ ಆಗುತ್ತದೆ.

ಕನ್ನಡ ಗಣಕ ಪರಿಷತ್ತಿನ ನುಡಿಗೆ ಲೈಸೆನ್ಸ್ ಕೀ ಎಂಬುದೇ ಇಲ್ಲ. ಹಾಕಿದ ಮೇಲೆ ನೋಟ್‌ಪ್ಯಾಡಿನಲ್ಲಿ ಕನ್ನಡ ಮೂಡಿತು, ಹಳೇ ಡಿಟಿಪಿ ತಂತ್ರಾಂಶದಲ್ಲಿ ಮೂಡಲಿಲ್ಲ. ಆ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿತ್ತು, ನುಡಿ ಸಾಮಾನ್ಯ ಬಳಕೆದಾರನಾಗಿ. ಕೆಳಗಿನ ಅಧಿಕಾರದ ತಂತ್ರಾಂಶ ಮೇಲಿನ ಅಧಿಕಾರದ ಕಿಟಕಿಗೆ ಅಕ್ಷರ ಕಳಿಸಲು ವಿಂಡೋಸ್ ಬಿಡುವುದಿಲ್ಲ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ ಮೇಲೆ ಸರಿಹೋಯಿತು. ಫಾಂಟುಗಳನ್ನು ಈ ಬಾರಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದು ಹಾಕಿದ್ದು.

ಹಂತ 9: ಬಾಕಿ ಉಳಿದದ್ದು

ಹಳೇ ಬಿಲ್ಲಿಂಗ್ ತಂತ್ರಾಂಶ ಹೊಸ ವಿಂಡೋಸಿನಲ್ಲಿ ತೆರೆಯಲಿಲ್ಲ. ವಾಲ್ಯೂಮ್ ಸಂಖ್ಯೆ ಬದಲಾಗಿದೆ, ಹೊಸ ಸಂಖ್ಯೆಗೆ ಕೀ ಕೊಡಲು ತಯಾರಕರು ಇಲ್ಲ. ಹಂತ 3ರಲ್ಲಿ ತೆಗೆದಿಟ್ಟ ಇಮೇಜನ್ನು ಅಂಗಡಿಯಲ್ಲೇ ಬಿದ್ದಿದ್ದ 500 ಜಿಬಿಯ ಇನ್ನೊಂದು ಒಳ್ಳೆಯ ಡಿಸ್ಕಿಗೆ ಇಳಿಸಿ, ನೆಟ್ ಕೇಬಲ್ ಇಲ್ಲದೆ ಬೂಟ್ ಮಾಡಿದಾಗ ತಂತ್ರಾಂಶ ತೆರೆಯಿತು. ಗಿರಾಕಿವಾರು ಲೆಡ್ಜರ್‌ಗಳನ್ನು ಎಕ್ಸೆಲಿಗೆ ತೆಗೆಯುವ ಕೆಲಸ ನಡೆಯುತ್ತಿದೆ. ಎಕ್ಸ್‌ಪೋರ್ಟ್ ಒಂದು ಬಾರಿಗೆ ಒಬ್ಬ ಗಿರಾಕಿಯದ್ದು ಮಾತ್ರ ಆಗುತ್ತದೆ, ಆದ್ದರಿಂದ ನಿಧಾನ. 2017ರ ಜುಲೈ 1ರಂದು ಜಿಎಸ್‌ಟಿ ಬರುವ ಮುಂಚಿನ ವ್ಯಾಟ್ ಬಿಲ್ಲುಗಳ ವರದಿ ಎಕ್ಸೆಲಿಗೆ ಬರುವುದಿಲ್ಲ, ಪ್ರಿಂಟ್ ಮಾತ್ರ. ಅವನ್ನು ವಿಂಡೋಸಿನ ಪಿಡಿಎಫ್ ಪ್ರಿಂಟರಿಗೆ ಕಳಿಸಿ ಉಳಿಸುತ್ತಿರುವುದು.

ಕೆಟ್ಟ ಹಾರ್ಡ್ ಡಿಸ್ಕನ್ನು ಇನ್ನೂ ಎಸೆದಿಲ್ಲ. ‘ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿ ಅಂಟಿಸಿ, ಲೈಸೆನ್ಸ್ ಪಟ್ಟಿಯ ಕಾಗದದ ಜೊತೆ ಕವರಿನಲ್ಲಿ ಹಾಕಿ ಮಾಲೀಕರ ಕೈಗೇ ಕೊಟ್ಟದ್ದು. ವಾರ್ಷಿಕ ಲೆಕ್ಕ ಮುಗಿದು ಏನೂ ಕೊರತೆ ಕಾಣದಿದ್ದರೆ ಆಗ ಡ್ರಿಲ್ ಹೊಡೆದು ಇ-ತ್ಯಾಜ್ಯದವರಿಗೆ.